ನಂಗ್ ಎಂದೇ ಕೇಳಿ

ಮೀನು ಮಾರುಕಟ್ಟೆಗೆ ಹೋಗಿ ‘ಆ ಚಪ್ಪಟೆ ಮೀನು ಕೊಡಿ’ ಎಂದು ಬೆರಳು ತೋರಿಸುತ್ತೀರಲ್ಲ, ಮೊದಲು ಆ ಅಭ್ಯಾಸ ಬಿಡಿ. ಅದಕ್ಕೊಂದು ಹೆಸರಿದೆ. ಮಂಗಳೂರು, ಉಡುಪಿ ಕಡೆ ಅದು ನಂಗ್. ಕೊಂಕಣಿಯವರಿಗೆ ಲೆಪೊ, ಮಲಯಾಳಿಗಳಿಗೆ ಮಾಂತಳ್, ಇಂಗ್ಲಿಷಿನಲ್ಲಿ ಸೋಲ್. ಪಾದರಕ್ಷೆಯ ಅಡಿಗೂ ಸೋಲ್ ಎನ್ನುತ್ತೇವಲ್ಲ, ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಪದ, ಅರ್ಥ ಚಪ್ಪಲಿ. ಮೀನನ್ನೊಮ್ಮೆ ಅಂಗೈಯಲ್ಲಿಟ್ಟು ನೋಡಿ, ಆ ಹೆಸರು ಏಕೆಂದು ತಿಳಿಯುತ್ತದೆ.

ಮಾಂಜಿ, ಅಂದರೆ ಪಾಂಫ್ರೆಟ್ ಕೂಡ ಚಪ್ಪಟೆಯಲ್ಲವೇ ಎನ್ನಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮಾಂಜಿಗೆ ಪಕ್ಕಕ್ಕೊಂದು ಕಣ್ಣು, ಅದು ನೆಟ್ಟಗೆ ಈಜುತ್ತದೆ. ನಂಗಿಗೆ ಎರಡು ಕಣ್ಣೂ ಎಡ ಮಗ್ಗುಲಲ್ಲೇ. ಮರಿಯಿದ್ದಾಗ ಅದೂ ಎಲ್ಲ ಮೀನಿನಂತೆಯೇ. ಬೆಳೆಯುತ್ತ ಬಲಗಣ್ಣು ತಲೆ ದಾಟಿ ಎಡಕ್ಕೆ ಬರುತ್ತದೆ. ಆಮೇಲೆ ಕಣ್ಣಿಲ್ಲದ ಬಿಳಿ ಮಗ್ಗುಲನ್ನು ಅಡಿ ಮಾಡಿ ಕಡಲ ತಳದಲ್ಲಿ ಮಲಗುತ್ತದೆ. ಕೊಳ್ಳುವಾಗ ಈ ಗುರುತು ನೋಡಿ. ಚರ್ಮ, ಮುಳ್ಳು ತೆಗೆದ ತುಂಡನ್ನು ‘ಸೋಲ್’ ಎಂದು ಕೊಟ್ಟರೆ ಯಾವ ಮೀನೆಂದು ವಿಚಾರಿಸಿ. ಅದು ಬಾಸಾ ಮೀನೂ ಆಗಿರಬಹುದು. ಬಾಸಾ ಬೇರೆ, ಸಿಹಿನೀರಿನದು, ಈ ಜಾತಿಯದೇ ಅಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಹಸಿ ನಂಗೇ ಬೇಕೆಂದು ಹಟ ಹಿಡಿಯಬೇಡಿ. ಒಣ ನಂಗ್ ಇರುವುದು ಆ ಮಳೆಯ ದಿನಗಳಿಗೇ. ಮಳೆ ತಗ್ಗಿದ ಮೇಲೆ ಹಸಿಯದು ಬುಟ್ಟಿ ತುಂಬ ಬರುತ್ತದೆ, ತುಸು ತಾಳಿ. ತಾಳಿದವನು ಬಾಳಿಯಾನು.

ಇನ್ನು ಅಡುಗೆಮನೆಯ ಮಾತು. ಚರ್ಮ ಸುಲಿಯದೆ ಕಾವಲಿಗೆ ಹಾಕುವ ಸೋಮಾರಿತನ ಬೇಡ. ತಲೆಯ ಹತ್ತಿರ ಚಾಕುವಿನಿಂದ ಗೀರಿ, ಬೆರಳಿಗೆ ಉಪ್ಪು ಹಚ್ಚಿಕೊಂಡು ಚರ್ಮದ ಅಂಚು ಹಿಡಿದು ಬಾಲದ ಕಡೆಗೆ ಎಳೆಯಿರಿ. ಅಂಗಿ ಕಳಚಿದಂತೆ ಬರುತ್ತದೆ. ಮಾಂಸ ಬಲು ಮೆತ್ತಗೆ. ಆದ್ದರಿಂದ ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾಯಿಸಿ. ಒಂದು ಮಗ್ಗುಲು ಗರಿಯಾಗುವ ತನಕ ಮುಟ್ಟಬೇಡಿ. ಪದೇ ಪದೇ ಮಗುಚಿದರೆ ಪುಡಿಯಾದೀತು.

ಬೆಂಗಳೂರಿನಲ್ಲಿದ್ದರೆ ಒಂದು ಎಚ್ಚರ. ಅಲ್ಲಿ ‘ನಂಗ್ ಬೇಕು’ ಎಂದರೆ ‘ನನಗೆ ಬೇಕು’ ಎಂದೇ ತಿಳಿಯುತ್ತಾರೆ. ‘ನಂಗ್ ಮೀನು’ ಎಂದು ಬಿಡಿಸಿ ಹೇಳಿ. ಕರಾವಳಿಯಲ್ಲಾದರೆ ‘ಅಕ್ಕಾ, ನಂಗ್ ಇದೆಯಾ?’ ಎಂದರೆ ಸಾಕು. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ, ಮುಂದಿನ ಸಲ ಅವರೇ ಕೇಳಲಿ. ಆಡುವ ಬಾಯಲ್ಲಿದ್ದರೆ ತಾನೇ ಹೆಸರು ಉಳಿಯುವುದು.