ಹೆಡ್‌ಫೋನಿನ ಗುಣಪರೀಕ್ಷೆ: ಕಿವಿಯಿಂದಲೋ, ಅಳತೆಯಿಂದಲೋ?



ತರಗತಿಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇನೆ. ಅದರಲ್ಲಿ ತಪ್ಪಿದವನು ನಾನೇ ಆದುದರಿಂದ ಅದನ್ನು ಹೇಳುವ ಹೊಣೆಯೂ ನನ್ನದೇ ಆಗಿದೆ.

ಧ್ವನಿಮುದ್ರಿತ ಪಾಠಗಳನ್ನು ಮಕ್ಕಳು ತಾವಾಗಿಯೇ ಕೇಳಿ ಕಲಿಯುವಂತಾಗಲೆಂದು ಕೆಲವು ಹೆಡ್‌ಫೋನುಗಳನ್ನು ಕೊಳ್ಳುವ ವಿಚಾರ ನಮ್ಮಲ್ಲಿ ನಡೆದಿತ್ತು. ಅದು ದಾನಿಗಳು ಕೊಟ್ಟ ಹಣ, ವ್ಯರ್ಥವಾಗಬಾರದು. ಆದುದರಿಂದ ಮೊದಲು ಒಂದನ್ನು ಮಾತ್ರ ತರಿಸಿ, ಒಳ್ಳೆಯದೆಂದು ಕಂಡರೆ ಉಳಿದವನ್ನು ತರಿಸುವುದೆಂದು ನಿಶ್ಚಯಿಸಿದೆವು. ಬಂದ ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ‘೨೦ರಿಂದ ೨೦,೦೦೦ ಹರ್ಟ್ಸ್’ ಎಂದು ಅಚ್ಚಾಗಿತ್ತು. ಇದು ಅಳತೆಯ ಸಾಕ್ಷಿ. ಅಧ್ಯಾಪಕರು ನಾಲ್ಕೈದು ಮಂದಿ ಸೇರಿ ತೆಂಕುತಿಟ್ಟಿನ ಯಕ್ಷಗಾನದ ಒಂದು ಧ್ವನಿಮುದ್ರಣವನ್ನು ಅದರಲ್ಲಿ ಕೇಳಿದೆವು. ಮದ್ದಳೆಯ ನಾದ ಎದೆಗೆ ತಾಗುವಂತಿತ್ತು, ಎಲ್ಲರೂ ತಲೆದೂಗಿದೆವು. ಇದು ಕಿವಿಯ ಸಾಕ್ಷಿ. ಎರಡು ಸಾಕ್ಷಿಗಳೂ ಒಂದೇ ಮಾತನ್ನು ಹೇಳಿದ ಮೇಲೆ ಸಂಶಯಕ್ಕೆ ಎಡೆಯೆಲ್ಲಿ?

ಮರುದಿನ ಒಬ್ಬ ಹುಡುಗಿ ಆ ಹೆಡ್‌ಫೋನನ್ನು ಧರಿಸಿ ಉಕ್ತಲೇಖನ ಬರೆದಳು. ‘ಸರ’ ಎಂದಿದ್ದಲ್ಲಿ ‘ಶರ’ ಎಂದೂ, ‘ಸಾಲು’ ಎಂದಿದ್ದಲ್ಲಿ ‘ಶಾಲು’ ಎಂದೂ ಬರೆದಿದ್ದಳು. ಗಮನವಿಟ್ಟು ಕೇಳಲಿಲ್ಲವೆಂದು ನಾನು ಗದರಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಷ್ಟ್ರೇ, ನೀವೇ ಓದಿ ಹೇಳಿ, ಬರೆಯುತ್ತೇನೆ” ಎಂದಳು. ಓದಿದೆ. ಒಂದು ತಪ್ಪೂ ಇರಲಿಲ್ಲ. ಬಳಿಕ ಆ ಹೆಡ್‌ಫೋನನ್ನು ಪಕ್ಕದ ಹುಡುಗನಿಗೂ, ಆತನ ಬಳಿಯಿದ್ದ ಹಳೆಯದನ್ನು ಆಕೆಗೂ ಕೊಟ್ಟು ಬೇರೆ ಪದಗಳನ್ನು ಕೇಳಿಸಿದೆ. ಈಗ ತಪ್ಪಿದವನು ಹುಡುಗ. ತಪ್ಪು ಹುಡುಗಿಯ ಬಳಿ ಉಳಿಯಲಿಲ್ಲ. ಹೆಡ್‌ಫೋನಿನ ಜೊತೆಗೇ ಹೋಯಿತು.

ಹಾಗಾದರೆ ನಮ್ಮ ಎರಡು ಸಾಕ್ಷಿಗಳೂ ತಪ್ಪಿದ್ದು ಹೇಗೆ? ಇದನ್ನು ಕ್ರಮವಾಗಿ ವಿಚಾರಿಸೋಣ.

ಅಳತೆಯ ಭಾಷೆ

ಶಬ್ದವೆಂದರೆ ಗಾಳಿಯ ಕಂಪನವೆಂಬುದನ್ನು ನೀವು ಬಲ್ಲಿರಿ. ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳಾಗುವುವೋ ಅದಕ್ಕೆ ಆವೃತ್ತಿಯೆಂದು ಹೆಸರು. ಜರ್ಮನಿಯ ವಿಜ್ಞಾನಿ ಹೈನ್‌ರಿಶ್ ಹರ್ಟ್ಸ್ (೧೮೫೭–೧೮೯೪) ಅವರ ಹೆಸರೇ ಇದರ ಮಾನಕ್ಕೆ ಬಂದಿದೆ. ಎಳೆಯರ ಕಿವಿಗೆ ಸುಮಾರು ೨೦ರಿಂದ ೨೦,೦೦೦ ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಎಲ್ಲೆ ಕೆಳಗಿಳಿಯುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಕಡಿಮೆ ಆವೃತ್ತಿ ಮಂದ್ರ, ಹೆಚ್ಚಿನದು ತಾರ. ಆವೃತ್ತಿ ಇಮ್ಮಡಿಯಾದರೆ ಷಡ್ಜವು ಮೇಲಿನ ಷಡ್ಜವಾಗುತ್ತದೆ.

ಹೆಡ್‌ಫೋನಿಗೆ ಎಲ್ಲ ಆವೃತ್ತಿಗಳ ವಿದ್ಯುತ್ ಸಂಕೇತವನ್ನೂ ಒಂದೇ ಪ್ರಮಾಣದಲ್ಲಿ ಕೊಟ್ಟು, ಹೊರಬರುವ ಶಬ್ದವು ಯಾವ ಆವೃತ್ತಿಯಲ್ಲಿ ಎಷ್ಟು ಬಲವಾಗಿದೆಯೆಂದು ಅಳೆದು ಎಳೆದ ಗೆರೆಯೇ ‘ಆವೃತ್ತಿ ಪ್ರತಿಸ್ಪಂದನ ರೇಖೆ’. ಇದರಲ್ಲಿ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ತೋರಿಸುತ್ತಾರೆ. ೩ ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಸುಮಾರು ಇಮ್ಮಡಿ, ೧೦ ಏರಿದರೆ ಹತ್ತುಮಡಿ, ೨೦ ಏರಿದರೆ ನೂರುಮಡಿ.

ಈಗ ಪೆಟ್ಟಿಗೆಯ ಮೇಲಿನ ಬರಹವನ್ನು ಮತ್ತೆ ಓದಿರಿ. ‘೨೦ರಿಂದ ೨೦,೦೦೦’ ಎಂದಿದೆಯೇ ಹೊರತು ಆ ಹರವಿನೊಳಗೆ ಬಲವು ಎಷ್ಟು ಏರಿಳಿಯುತ್ತದೆಂದು ಹೇಳಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ದಾರಿಯಿದೆಯೆಂದು ಹೇಳಿ, ನಡುವೆ ಎಷ್ಟು ಗುಡ್ಡ, ಎಷ್ಟು ಹೊಂಡ ಎಂಬುದನ್ನು ಹೇಳದಿದ್ದರೆ ಪ್ರಯಾಣಿಕನಿಗೇನು ಪ್ರಯೋಜನ? ಧ್ವನಿಮುದ್ರಣದ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಆ ಹೆಡ್‌ಫೋನಿನ ರೇಖೆಯನ್ನು ತೆಗೆದುಕೊಟ್ಟರು. ೨೦೦ ಹರ್ಟ್ಸ್‌ಗಿಂತ ಕೆಳಗೆ ಅದು ಗುಡ್ಡದಂತೆ ಎದ್ದಿತ್ತು. ೪,೦೦೦ ದಾಟಿದೊಡನೆ ಕಡಿದಾಗಿ ಇಳಿದಿತ್ತು. ಮದ್ದಳೆಯ ಗಾಂಭೀರ್ಯಕ್ಕೂ ಹುಡುಗಿಯ ತಪ್ಪಿಗೂ ಕಾರಣ ಆ ಒಂದೇ ಗೆರೆಯಲ್ಲಿತ್ತು. ಏಕೆಂದರೆ ಸಕಾರದ ಸೀತ್ಕಾರದ ಬಹುಭಾಗ ೪,೦೦೦ ಹರ್ಟ್ಸ್‌ಗಿಂತ ಮೇಲಿರುತ್ತದೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನ ಭಾಗ ಕ್ಷೀಣಿಸಿದರೆ ಸಕಾರವು ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ೩೦೦ರಿಂದ ೩,೪೦೦ ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿದ್ದ ಹಳೆಯ ದೂರವಾಣಿಯಲ್ಲಿ ಹೆಸರುಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿದ್ದುದೂ ಇದರಿಂದಲೇ.

ನೇರವಾದ ಗೆರೆ ಒಳ್ಳೆಯದೇ?

ಹಾಗಾದರೆ ಗೆರೆಯು ಅಳತೆಕೋಲಿನಂತೆ ನೇರವಾಗಿದ್ದರೆ ಹೆಡ್‌ಫೋನು ಉತ್ತಮವೆನ್ನಬಹುದೇ? ಇಲ್ಲಿ ಒಂದು ಸ್ವಾರಸ್ಯವಿದೆ.

ನಮ್ಮ ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಒಂದು ತುದಿ ತೆರೆದಿದೆ. ಇನ್ನೊಂದು ತುದಿಯಲ್ಲಿ ಕಿವಿದಮಟೆಯಿದೆ. ಒಂದು ತುದಿ ಮುಚ್ಚಿದ ಕೊಳವೆಯು, ತನ್ನ ಉದ್ದದ ನಾಲ್ಕರಷ್ಟು ತರಂಗಾಂತರವುಳ್ಳ ಶಬ್ದಕ್ಕೆ ಅನುರಣಿಸುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಇಲ್ಲಿ ತರಂಗಾಂತರ ೧೦ ಸೆಂಟಿಮೀಟರ್. ಶಬ್ದದ ವೇಗವನ್ನು ಸೆಕೆಂಡಿಗೆ ೩೪೦ ಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ ೩,೪೦೦ ಹರ್ಟ್ಸ್ ಬರುತ್ತದೆ. ಹೊರಗಿವಿಯ ಬಟ್ಟಲೂ ಕೊಳವೆಗೆ ಸೇರಿಕೊಳ್ಳುವುದರಿಂದ ನಿಜವಾದ ಅನುರಣನ ೩,೦೦೦ದ ಆಸುಪಾಸಿನಲ್ಲಾಗುತ್ತದೆ. ಎದುರಿಗೆ ಕುಳಿತವರು ಮಾತನಾಡುವಾಗ ಅವರ ಧ್ವನಿಯ ಈ ಭಾಗವು ಕಿವಿದಮಟೆಯನ್ನು ಮುಟ್ಟುವಷ್ಟರಲ್ಲಿ ಹತ್ತು ಡೆಸಿಬೆಲ್ಲಿಗೂ ಮಿಕ್ಕಿ ಬಲಗೊಂಡಿರುತ್ತದೆ. ಹುಟ್ಟಿದಂದಿನಿಂದ ನಾವು ಹಾಗೆಯೇ ಕೇಳಿದ್ದೇವೆ. ನಮಗೆ ಅದೇ ಸಹಜ. ಹೆಡ್‌ಫೋನಾದರೋ ಕಿವಿಯನ್ನು ಮುಚ್ಚಿಯೋ ನಾಳದೊಳಗೆ ಕುಳಿತೋ ಈ ಸಹಜ ವ್ಯವಸ್ಥೆಯನ್ನು ಕದಡುತ್ತದೆ. ಆದುದರಿಂದ ಕಿವಿದಮಟೆಯ ಬಳಿ ಅಳೆದಾಗ ೩,೦೦೦ದ ಬಳಿ ತಕ್ಕಷ್ಟು ಏರಿರುವ ಗೆರೆಯೇ ಸಮವಾಗಿ ಕೇಳಿಸುವುದು. ನೇರವಾದ ಗೆರೆ ಮಂಕಾಗಿ ಕೇಳಿಸುವುದು.

ಇದನ್ನು ಅಳೆಯಲು ಮನುಷ್ಯನ ತಲೆ, ಕಿವಿ, ಕಿವಿನಾಳಗಳನ್ನು ಹೋಲುವ ಬೊಂಬೆಗಳಿವೆ. ಅಮೆರಿಕದ ನೋಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೭೨ರಲ್ಲಿ ತಂದ ‘ಕೆಮಾರ್’ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಬೊಂಬೆಯ ಕಿವಿ ನಿಮ್ಮ ಕಿವಿಯಲ್ಲ. ಕನ್ನಡಕದ ಕಡ್ಡಿಯಿಂದಾಗಲಿ ಕೂದಲಿನಿಂದಾಗಲಿ ಸಣ್ಣದೊಂದು ಬಿರುಕುಂಟಾದರೆ ಮಂದ್ರವು ಸೋರಿಹೋಗುತ್ತದೆ. ೮,೦೦೦ ಹರ್ಟ್ಸ್‌ಗಿಂತ ಮೇಲೆ ಹೆಡ್‌ಫೋನನ್ನು ತುಸು ಸರಿಸಿಟ್ಟರೂ ಗೆರೆ ಬದಲಾಗುತ್ತದೆ. ಅದಕ್ಕಾಗಿಯೇ ಎಚ್ಚರವುಳ್ಳವರು ಹಲವು ಸಲ ತೆಗೆದಿಟ್ಟು ಅಳೆದು ಸರಾಸರಿಯನ್ನು ಕೊಡುತ್ತಾರೆ.

ಕಿವಿ ಮೋಸಹೋಗುವ ಬಗೆ

ಅಳತೆಗೆ ಇಷ್ಟು ಮಿತಿಗಳಿದ್ದ ಮೇಲೆ ಕಿವಿಯೊಂದನ್ನೇ ನಂಬೋಣವೆಂದು ಯಾರಾದರೂ ಹೇಳಬಹುದು. ಆದರೆ ಕಿವಿ ಒಂಟಿಯಾಗಿ ಕೇಳುವುದಿಲ್ಲ. ಅದರೊಡನೆ ಕಣ್ಣು, ನೆನಪು, ಆಸೆಗಳೂ ಕುಳಿತಿರುತ್ತವೆ.

ಮೊದಲನೆಯದಾಗಿ, ಎರಡು ಹೆಡ್‌ಫೋನುಗಳಲ್ಲಿ ಒಂದು ತುಸು ಜೋರಾಗಿದ್ದರೆ, ಜೋರಾಗಿದೆಯೆಂದು ನಮಗೆ ತೋರುವುದಿಲ್ಲ, ‘ಚೆನ್ನಾಗಿದೆ’ ಎಂದು ತೋರುತ್ತದೆ. ಇದಕ್ಕೆ ಒಂದು ಕಾರಣವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅವರು ೧೯೩೩ರಲ್ಲಿ ಪ್ರಕಟಿಸಿದ ರೇಖೆಗಳಲ್ಲಿ ಕಾಣಬಹುದು. ಸದ್ದು ಸಣ್ಣದಾದಾಗ ಮಂದ್ರಸ್ವರಗಳು ಕಿವಿಗೆ ಉಳಿದವಕ್ಕಿಂತ ಬೇಗ ಕುಂದುತ್ತವೆ. ಅದೇ ಯಂತ್ರ, ಅದೇ ಹಾಡು. ಸದ್ದಿನ ಪ್ರಮಾಣ ಬದಲಾದರೆ ಸ್ವರಗಳ ತೂಕವೇ ಬದಲಾದಂತೆ ಕೇಳಿಸುತ್ತದೆ.

ಎರಡನೆಯದಾಗಿ, ಕಣ್ಣು ಕಂಡದ್ದನ್ನು ಕಿವಿ ಒಪ್ಪಿಕೊಳ್ಳುತ್ತದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ೧೯೯೪ರಲ್ಲಿ ಧ್ವನಿವರ್ಧಕಗಳ ಮೇಲಿನ ಒಂದು ಪ್ರಯೋಗವನ್ನು ವರದಿ ಮಾಡಿದರು. ಅದೇ ಜನ ಅದೇ ಧ್ವನಿವರ್ಧಕಗಳನ್ನು ಒಮ್ಮೆ ಕಣ್ಣೆದುರು ನೋಡುತ್ತ, ಇನ್ನೊಮ್ಮೆ ಪರದೆಯ ಮರೆಯಲ್ಲಿ ಕೇಳಿ ಅಂಕ ಕೊಟ್ಟರು. ನೋಡುತ್ತ ಕೇಳಿದಾಗ ಅಂಕಗಳು ಗಾತ್ರವನ್ನೂ ಹೆಸರನ್ನೂ ಬೆಲೆಯನ್ನೂ ಅನುಸರಿಸಿದವು. ಮರೆಯಲ್ಲಿ ಕೇಳಿದಾಗ ಬೇರೆಯಾದವು. ಪರದೆ ಬಂದೊಡನೆ ಆ ಜನರ ಕಿವಿ ಬದಲಾಗಲಿಲ್ಲ. ಕಣ್ಣಿನ ಹಸ್ತಕ್ಷೇಪ ತಪ್ಪಿತು, ಅಷ್ಟೆ.

ಆಲಿವ್ ಮತ್ತು ಅವರ ಸಂಗಡಿಗರು ಮುಂದೆ ಹಾರ್ಮನ್ ಸಂಸ್ಥೆಯಲ್ಲಿ ಇದೇ ಕ್ರಮವನ್ನು ಹೆಡ್‌ಫೋನುಗಳಿಗೆ ಅನ್ವಯಿಸಿದರು. ಕೇಳುವವರಿಗೆ ಹೆಸರೂ ರೂಪವೂ ತಿಳಿಯದಂತೆ ಮಾಡಿ, ಅವರ ಒಲವನ್ನು ಗೆರೆಗಳೊಂದಿಗೆ ಹೋಲಿಸಿದರು. ೨೦೧೨ರಿಂದ ಪ್ರಕಟವಾದ ಈ ಅಧ್ಯಯನಗಳಲ್ಲಿ, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕವು ಕಿವಿದಮಟೆಗೆ ತಲುಪಿಸುವ ಸ್ವರೂಪಕ್ಕೆ ಹತ್ತಿರವಾದ ಹೆಡ್‌ಫೋನುಗಳೇ ಬಹುಮಂದಿಗೆ ಹಿಡಿಸಿದವು. ಮಂದ್ರವು ಎಷ್ಟಿರಬೇಕೆಂಬುದರಲ್ಲಿ ಮಾತ್ರ ವಯಸ್ಸು, ಅಭ್ಯಾಸ, ಅಭಿರುಚಿಗಳಿಗೆ ತಕ್ಕಂತೆ ಭೇದವಿತ್ತು. ಇಂದು ಅನೇಕರು ಹೆಡ್‌ಫೋನನ್ನು ಅಳೆಯುವಾಗ ಆದರ್ಶವಾಗಿ ಇಟ್ಟುಕೊಳ್ಳುವ ಒಂದು ರೇಖೆ ಹುಟ್ಟಿದ್ದು ಹೀಗೆ ಕಿವಿಗಳನ್ನು ಕೇಳಿಯೇ ಎಂಬುದನ್ನು ಮರೆಯಬಾರದು. ಅಳತೆಗೂ ಕಿವಿಗೂ ಜಗಳವಿದೆಯೆಂದು ಹೇಳುವವರು ಈ ಸಂಬಂಧವನ್ನು ಗಮನಿಸಿರುವುದಿಲ್ಲ.

ಮದ್ದಳೆಗಾರನೂ ವಿಜ್ಞಾನಿಯೂ

ಇದಕ್ಕೆ ನಮ್ಮ ದೇಶದಲ್ಲಿಯೇ ಹಳೆಯದೊಂದು ನಿದರ್ಶನವಿದೆ. ಸಾಮಾನ್ಯವಾದ ಚರ್ಮವಾದ್ಯವನ್ನು ಬಾರಿಸಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುತ್ತದೆ. ಮೃದಂಗ, ತಬಲಾಗಳ ಚರ್ಮದ ಮೇಲೆ ಕರಿಯ ಲೇಪವನ್ನು ಹಚ್ಚಿ, ಬಾರಿಸಿ ಕೇಳಿ, ಮತ್ತೆ ಹಚ್ಚಿ, ನಮ್ಮ ಕುಶಲಕರ್ಮಿಗಳು ಅದನ್ನು ನಾದವಾಗಿಸಿದರು. ಅವರ ಕೈಯಲ್ಲಿ ಅಳತೆಯ ಯಂತ್ರವಿರಲಿಲ್ಲ. ಶ್ರುತಿಯೆಂಬ ಕಟ್ಟುನಿಟ್ಟಾದ ಪರೀಕ್ಷೆಯಿತ್ತು. ಸರ್ ಸಿ. ವಿ. ರಾಮನ್ ಅವರು ೧೯೨೦ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಅದರ ಗುಟ್ಟನ್ನು ವಿವರಿಸಿದರು. ಆ ಲೇಪದಿಂದಾಗಿ ಉಪಸ್ವರಗಳು ೧, ೨, ೩, ೪, ೫ ಎಂಬ ಸರಳ ಪ್ರಮಾಣಕ್ಕೆ ಬರುತ್ತವೆ. ಕಿವಿ ಮೊದಲು ಕಂಡುಕೊಂಡಿತು. ಅಳತೆ ಕಾರಣವನ್ನು ತಿಳಿಸಿತು.

ಆ ಕುಶಲಕರ್ಮಿಯ ಕಿವಿಗೂ ಅಂದು ತಲೆದೂಗಿದ ನಮ್ಮ ಕಿವಿಗಳಿಗೂ ವ್ಯತ್ಯಾಸವೇನು? ನಾವು ನಮ್ಮ ಕಿವಿಯನ್ನು ‘ಹಿಡಿಸಿತೇ?’ ಎಂದು ಕೇಳಿದೆವು. ಆತ ‘ಶ್ರುತಿ ಸೇರಿತೇ?’ ಎಂದು ಕೇಳಿದ. ಮೊದಲನೆಯ ಪ್ರಶ್ನೆಗೆ ಯಾವ ಉತ್ತರವೂ ಸರಿಯೇ. ಎರಡನೆಯದಕ್ಕೆ ಸರಿ ಮತ್ತು ತಪ್ಪು ಎಂಬುವಿವೆ. ಉಕ್ತಲೇಖನದಲ್ಲಿ ಆ ಹುಡುಗಿಯ ಕಿವಿಗೆ ನಾವು ಅರಿಯದೆಯೇ ಎರಡನೆಯ ಬಗೆಯ ಪ್ರಶ್ನೆಯನ್ನು ಕೇಳಿದ್ದೆವು. ಆದುದರಿಂದಲೇ ಹಿರಿಯರಿಗೆ ತಿಳಿಯದ ದೋಷ ಆಕೆಗೆ ಸಿಕ್ಕಿತು.

ಮನೆಯಲ್ಲಿ ಮಾಡಿ ನೋಡಿರಿ

೧. ಹೆಡ್‌ಫೋನಿನ ಗೆರೆ ದೊರೆತರೆ ಮೊದಲು ಅದನ್ನು ನೋಡಿರಿ. ಯಾವ ಬಗೆಯ ಕೃತಕ ಕಿವಿಯ ಮೇಲೆ ಅಳೆದುದೆಂದು ವಿಚಾರಿಸಿರಿ. ಬೇರೆ ಬೇರೆ ಉಪಕರಣಗಳಲ್ಲಿ ತೆಗೆದ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಬೇಡಿರಿ.

೨. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿರಿ, ಇನ್ನೊಬ್ಬರು ಬದಲಾಯಿಸಲಿ. ಸದ್ದಿನ ಪ್ರಮಾಣವನ್ನು ಮೊದಲೇ ಆದಷ್ಟು ಸಮಗೊಳಿಸಿರಿ. ಕೈಗೆ ಮುಟ್ಟಿದರೂ ಗುರುತು ಸಿಗುವುದರಿಂದ ಅವರೇ ತೊಡಿಸಲಿ.

೩. ಸರ–ಶರ, ಸಾಲು–ಶಾಲು, ಸಕಲ–ಶಕಲ ಇಂತಹ ಪದಗಳನ್ನು ಕ್ರಮ ತಪ್ಪಿಸಿ ಓದಿ ಮುದ್ರಿಸಿಕೊಳ್ಳಿರಿ. ಕೇಳಿ ಬರೆದು ತಪ್ಪುಗಳನ್ನು ಎಣಿಸಿರಿ.

೪. ಧ್ವನಿವರ್ಧಕವಿಲ್ಲದೆ ಹತ್ತಿರ ಕುಳಿತು ಕೇಳಿದ ಯಕ್ಷಗಾನದ ನೆನಪು ನಿಮಗಿದ್ದರೆ ಅದರ ಧ್ವನಿಮುದ್ರಣವನ್ನು ಹಾಕಿರಿ. ಚೆಂಡೆಯ ಅಬ್ಬರದ ನಡುವೆಯೂ ಭಾಗವತರ ಸಾಹಿತ್ಯದ ಅಕ್ಷರಗಳು ಬಿಡಿಬಿಡಿಯಾಗಿ ತಿಳಿಯುವುವೇ? ಚಕ್ರತಾಳದ ಇಂಪು ಸಾವಕಾಶವಾಗಿ ಕರಗುವುದೇ, ಥಟ್ಟನೆ ಕಡಿಯುವುದೇ?

೫. ಅರ್ಧ ಗಂಟೆ ಧರಿಸಿ ನೋಡಿರಿ. ಭಾರ, ಬಿಗಿತ, ಬೆವರು ಇವು ಆ ಗೆರೆಯಲ್ಲಿ ಕಾಣಿಸುವುದಿಲ್ಲ.

ಹೆತ್ತವರಲ್ಲಿ ಎರಡು ಮಾತು. ಅಕ್ಷರ ಸ್ಪಷ್ಟವಾಗಿ ಕೇಳಿಸದ ಹೆಡ್‌ಫೋನನ್ನು ಕೊಟ್ಟರೆ ಮಗು ಸದ್ದನ್ನು ಏರಿಸುತ್ತದೆ. ಏರಿಸಿದರೆ ಮಂಕು ಹೋಗುವುದಿಲ್ಲ, ಕಿವಿಗೆ ಅಪಾಯ ಹೆಚ್ಚುತ್ತದೆ. ವಾರಕ್ಕೆ ೪೦ ಗಂಟೆ ಕೇಳುವುದಾದರೆ ದೊಡ್ಡವರಿಗೆ ೮೦ ಡೆಸಿಬೆಲ್, ಮಕ್ಕಳಿಗೆ ೭೫ ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಪ್ರತಿ ೩ ಡೆಸಿಬೆಲ್ ಏರಿಕೆಗೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಬೇರೆ ಭಾಷೆಗಳ ನಡುವೆ ಕನ್ನಡವನ್ನು ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಪ್ರತಿಯೊಂದು ಅಕ್ಷರವೂ ತನ್ನ ಸ್ವರೂಪದಲ್ಲಿಯೇ ಕಿವಿಗೆ ಬೀಳುವುದು ಅವಶ್ಯ. ಮಗು ತಪ್ಪು ಬರೆದಾಗ, ಅದಕ್ಕೆ ಏನು ಕೇಳಿಸಿತೆಂದು ಮೊದಲು ವಿಚಾರಿಸೋಣ.

ಉಳಿದ ಹೆಡ್‌ಫೋನುಗಳನ್ನು ಕೊಳ್ಳುವ ಮುನ್ನ ನಾವು ಮೂರು ಮಾದರಿಗಳನ್ನು ತರಿಸಿ, ಅವುಗಳ ಗೆರೆಗಳನ್ನು ನೋಡಿ, ಬಳಿಕ ಮಕ್ಕಳಿಂದ ಉಕ್ತಲೇಖನ ಬರೆಯಿಸಿ ಆರಿಸಿದೆವು. ಅದಕ್ಕೆ ಬೇಕಾದ ಪದಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ಆ ಹುಡುಗಿಗೇ ಒಪ್ಪಿಸಿದೆ. ನಲವತ್ತು ಪದಗಳನ್ನು ಬರೆದು ತಂದಳು. ಮೊದಲನೆಯ ಪದ ‘ಸರ’ ಎಂದಿತ್ತು.