ಹೆಸರಿಡುವ ಮುಂಚೆ ಬಂದ ಬಿಲ್ಲು

ಮಗಳು ಹುಟ್ಟಿದ್ದು ಜೂನ್ ಕೊನೆಯಲ್ಲಿ. ನಾನು ಬಾಣಂತನಕ್ಕೆಂದು ಮದ್ದೂರಿನ ತವರಿನಲ್ಲಿದ್ದೆ. ಆಷಾಢ ಬೇರೆ ಬಂತು, ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಹೆಸರಿಡೋಣ ಎಂದರು ಅತ್ತೆ. ಅಲ್ಲಿಯವರೆಗೂ ಕೂಸು ಎಲ್ಲರ ಬಾಯಲ್ಲಿ ಪುಟ್ಟಿ. ಅದೇ ಹೊತ್ತಿಗೆ ನಮ್ಮವರಿಗೆ ಕಂಪನಿಯ ಎಚ್‌ಆರ್ ಕಡೆಯಿಂದ ಮೇಲ್ ಬಂದಿತ್ತು: ಹುಟ್ಟಿದ ಮಗುವನ್ನು ಗ್ರೂಪ್ ಇನ್ಶೂರೆನ್ಸಿಗೆ ಸೇರಿಸಬೇಕಾದರೆ 30 ದಿನದೊಳಗೆ ವಿವರ ಕಳಿಸಿ. ಹೆಸರೇ ಇಲ್ಲದ ಮಗುವಿನ ವಿವರ ಏನಂತ ತುಂಬೋದು, ನಾಮಕರಣ ಮುಗಿಯಲಿ ಎಂದು ಇವರು ಸುಮ್ಮನಾದರು. ನಾನೂ ಕೇಳಲಿಲ್ಲ. ಆಗಿನ್ನೂ ಈ ಅಂಕಣ ಬರೆಯುತ್ತಿರಲಿಲ್ಲ, ಅದೊಂದೇ ಸಮಾಧಾನ.

52ನೇ ದಿನ. ಕೆಂಗೇರಿ ಉಪನಗರದ ಮನೆಗೆ ವಾಪಸಾಗಿ ವಾರವಾಗಿತ್ತು, ಬಿಡದ ಜಡಿಮಳೆ. ಮಗುವಿಗೆ ಕೆಮ್ಮು ಹತ್ತಿ, ರಾತ್ರಿಯ ಹೊತ್ತಿಗೆ ಉಸಿರಾಡಿದಾಗೆಲ್ಲ ಪಕ್ಕೆ ಒಳಗೆ ಸೆಳೆಯತೊಡಗಿತು. ಆಸ್ಪತ್ರೆಯಲ್ಲಿ ಬ್ರಾಂಕಿಯೊಲೈಟಿಸ್ ಎಂದರು. ನಾಲ್ಕು ದಿನ ಆಕ್ಸಿಜನ್, ಬಿಲ್ಲು 47,300 ರೂಪಾಯಿ. ಇನ್ಶೂರೆನ್ಸ್ ಕೌಂಟರಿನ ಹುಡುಗ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ನಿಮ್ಮ ಹೆಸರಿದೆ, ಸರ್ ಹೆಸರಿದೆ, ಪಾಪುದೇ ಇಲ್ವಲ್ಲ" ಎಂದ. ಎರಡು ತಿಂಗಳ ಹಿಂದೆ ಹೆರಿಗೆಯ ಖರ್ಚು ಕೊಟ್ಟಿದ್ದು ಇದೇ ಪಾಲಿಸಿ. ಹೆತ್ತಿದ್ದಕ್ಕೆ ದುಡ್ಡು ಕೊಟ್ಟವರ ಲೆಕ್ಕದಲ್ಲಿ ಮಗು ಹುಟ್ಟೇ ಇರಲಿಲ್ಲ.

ನಾವೇ ಬೇರೆ ಪಾಲಿಸಿ ಕೊಳ್ಳೋಣವೆಂದು ವಿಚಾರಿಸಿದರೆ ಇನ್ನೊಂದು ಬಾಗಿಲು ಮುಚ್ಚಿತು. ಸ್ವಂತವಾಗಿ ಕೊಳ್ಳುವ ಬಹುಪಾಲು ಪಾಲಿಸಿಗಳು ಮಗುವನ್ನು ಸೇರಿಸಿಕೊಳ್ಳುವುದು 91 ದಿನ ತುಂಬಿದ ಮೇಲೆ. ಹೊಸ ಪಾಲಿಸಿಯಾದರೆ, ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಇನ್ನೂ 30 ದಿನ ಕಾಯಬೇಕು. ಕೂಡಿಸಿದರೆ ನಾಲ್ಕು ತಿಂಗಳು. ಎಳೆಗೂಸಿಗೆ ಶೀತ, ಸೋಂಕು ಸುಲಭವಾಗಿ ತಗಲುವುದೂ ಅದೇ ನಾಲ್ಕು ತಿಂಗಳಲ್ಲಿ.

ಹೆಸರಿನ ವಿಷಯ ತಿಳಿದದ್ದು ದುಡ್ಡು ಕಟ್ಟಿದ ಮೇಲೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಮಗುವಿಗೆ ಹೆಸರಿರಲೇಬೇಕು ಎಂದಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ವಿಮೆಯ ಫಾರ್ಮಿಗೂ "ಬೇಬಿ ಆಫ್" ಎಂದು ಬರೆದು ಮುಂದೆ ತಾಯಿಯ ಹೆಸರು ಹಾಕಿದ್ದರೆ ಸಾಕಿತ್ತು. ಶ್ರಾವಣಕ್ಕೂ ಇನ್ಶೂರೆನ್ಸಿಗೂ ನಂಟು ಹಾಕಿದವರು ನಾವೇ.

ಆಗ ನಮ್ಮ ಕೆಳಮನೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು ಕುಂಬಳಗೋಡಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಮ್ಮ ಕಥೆ ಕೇಳಿ, "ನಮ್ದು ಇಎಸ್‌ಐ ಐತಲ್ಲಕ್ಕ, ಏನಾದ್ರೂ ಆದ್ರೆ ರಾಜಾಜಿನಗರಕ್ಕೆ ಕರ್ಕೊಂಡೋಗ್ತೀವಿ" ಎಂದಳು. ಲೆಕ್ಕ ನೋಡಿ. ಈಗಿನ ದರದಲ್ಲಿ 14,000 ಸಂಬಳಕ್ಕೆ ಕೆಲಸಗಾರಳ ಪಾಲು ಶೇ 0.75, ಅಂದರೆ 105 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 455. ಇಷ್ಟಕ್ಕೆ ಮಕ್ಕಳಿಗೂ ಚಿಕಿತ್ಸೆ. 91 ದಿನದ ಮಾತಿಲ್ಲ. ಕುಟುಂಬದ ಪಟ್ಟಿಗೆ ಮಗುವನ್ನು ಸೇರಿಸಿರಬೇಕು, ಅಷ್ಟೇ.

ಆದರೆ ಅದಕ್ಕೂ ಒಂದು ಅಂಚಿದೆ. 2017ರಲ್ಲಿ ನಿಗದಿಯಾದ ಮಿತಿ ತಿಂಗಳಿಗೆ 21,000. ಸೂಪರ್‌ವೈಸರ್ ಆಗಿ ಸಂಬಳ 21,500ಕ್ಕೆ ಏರಿದರೆ ಆ ಅರ್ಧವಾರ್ಷಿಕ ಅವಧಿ ಮುಗಿಯುವವರೆಗೆ ವಂತಿಗೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಬಡ್ತಿಯ ಸಿಹಿ ಹಂಚುವಾಗ ಇದನ್ನು ಯಾರೂ ಹೇಳುವುದಿಲ್ಲ. ಸರಿ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆಯಲ್ಲ ಎನ್ನಬಹುದು. ಅಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಬಿಪಿಎಲ್ ಕಾರ್ಡಿಗೆ ಆದಾಯ ವರ್ಷಕ್ಕೆ 1.2 ಲಕ್ಷ ದಾಟಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ತಿಂಗಳಿಗೆ 25,000 ದುಡಿಯುವ, ಕಂಪನಿ ವಿಮೆಯಿಲ್ಲದ ಅಂಗಡಿ ಕೆಲಸದವನ ಮಗು ಯಾವ ಪಟ್ಟಿಯಲ್ಲಿದೆ? ಇಂಥ ನಡುವಿನವರು ದೇಶದಲ್ಲಿ ಕಡಿಮೆಯೆಂದರೂ 40 ಕೋಟಿ ಎಂದು ನೀತಿ ಆಯೋಗವೇ 2021ರಲ್ಲಿ ಹೇಳಿತ್ತು. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆ ಆದಾಯ ಕೇಳದೆ 5 ಲಕ್ಷದ ರಕ್ಷಣೆ ಘೋಷಿಸಿತು. ಒಳ್ಳೆಯದೇ. ಏಳು ತುಂಬದವರಿಗೂ ಹಾಗೇ ಮಾಡಬಹುದಿತ್ತು ಎಂಬುದು ನನ್ನ ತಕರಾರು.

ಮಕ್ಕಳಿಗೆಂದೇ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಸೀಳು ತುಟಿ, ಹುಟ್ಟಿನಿಂದ ಬಂದ ಹೃದಯದ ತೊಂದರೆಯಂಥವನ್ನು ತಪಾಸಣೆಯಲ್ಲಿ ಹಿಡಿದು ಉಚಿತ ಚಿಕಿತ್ಸೆಗೆ ಕಳಿಸುತ್ತದೆ. ಆದರೆ ತಪಾಸಣೆಯ ತಂಡ ಹೋಗುವುದು ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಸಾಲ ಮಾಡಿ ಕಾನ್ವೆಂಟಿಗೆ ಸೇರಿಸಿದ ಮಗು ಅಲ್ಲಿಯೂ ಹೊರಗೆ. ಖಾಸಗಿ ಪಾಲಿಸಿಯಲ್ಲೋ, ಹೊರಗೆ ಕಾಣುವ ಹುಟ್ಟುದೋಷಗಳನ್ನು ಸಾಮಾನ್ಯವಾಗಿ ಕೈಬಿಟ್ಟಿರುತ್ತಾರೆ.

91 ದಿನ ತುಂಬಿದ ಮೇಲೆ ಕಂಪನಿಯ ಹಂಗಿಲ್ಲದ 5 ಲಕ್ಷದ ಫ್ಯಾಮಿಲಿ ಫ್ಲೋಟರ್ ಮಾಡಿಸಿದೆವು. ಇವರು ಆಮೇಲೆ ಎರಡು ಸಲ ಕೆಲಸ ಬದಲಿಸಿದರು, ನಡುವೆ ಒಮ್ಮೆ ಐದು ವಾರ ಮನೆಯಲ್ಲೇ ಇದ್ದರು. ಆ ಐದು ವಾರ ಮಗಳ ಹೆಸರಿದ್ದದ್ದು ಈ ಪಾಲಿಸಿಯಲ್ಲಿ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. 20,000 ಪ್ರೀಮಿಯಂ ಇದ್ದವರಿಗೆ 3,600 ಉಳಿಯುತ್ತದೆ.

ಈ ವರ್ಷ ನಾದಿನಿಗೆ ಗಂಡುಮಗು. ಆಸ್ಪತ್ರೆಗೆ ನೋಡಲು ಹೋದ ಅತ್ತೆ ಮಗುವಿನ ಕೈಗೆ ದುಡ್ಡಿಟ್ಟು, ಅಳಿಯಂದಿರ ಕಡೆ ತಿರುಗಿ ಕೇಳಿದ್ದು: "ಆಫೀಸಿಗೆ ಬರೆದು ಹಾಕಿದ್ರಾ?"