ಡೀಸೆಲ್ಲೋ ಹೈಬ್ರಿಡ್ಡೋ? ಅಡ್ವಾನ್ಸ್ ಕೊಡುವ ಮುನ್ನ ಹತ್ತು ಸೂತ್ರಗಳು

ನಮ್ಮ ಭಾವ ಮೂರು ವರ್ಷದ ಹಿಂದೆ ಹೊಸ ಡೀಸೆಲ್ ಎಸ್‌ಯುವಿ ಕೊಂಡರು. ಮನೆ ಮಲ್ಲೇಶ್ವರದಲ್ಲಿ, ಆಫೀಸು ರಾಜಾಜಿನಗರದಲ್ಲಿ. ಹೋಗಿ ಬಂದರೆ ದಿನಕ್ಕೆ 8 ಕಿಲೋಮೀಟರ್. ‘ಡೀಸೆಲ್ ಅಂದ್ರೆ ಮೈಲೇಜು’ ಎಂಬ ಹಳೆಯ ನಂಬಿಕೆಯೊಂದನ್ನೇ ಹಿಡಿದು ಬುಕ್ ಮಾಡಿದ್ದರು. ಏಳು ತಿಂಗಳು ತುಂಬುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ, ಅದು ಓಡಬೇಕಾದ ರಸ್ತೆ ಬೇರೆಯಾಗಿತ್ತು. ಅಂದಿನಿಂದ ಕಾರು ಕೊಳ್ಳುವ ಯಾರೇ ಸಲಹೆ ಕೇಳಿದರೂ ಬ್ರ್ಯಾಂಡಿನ ಮಾತು ಎತ್ತುವ ಮೊದಲು ‘ನಿಮ್ಮ ದಿನದ ದಾರಿ ಯಾವುದು?’ ಎಂದು ಕೇಳುತ್ತೇನೆ. ಈ ಸೂತ್ರಗಳೆಲ್ಲ ಆ ಪ್ರಶ್ನೆಯಿಂದ ಹುಟ್ಟಿದವು.

1. ಒಂದು ತಿಂಗಳ ಓಡಾಟ ಬರೆದಿಡಿ

ಷೋರೂಮಿಗೆ ಹೋಗುವ ಮೊದಲು ಒಂದು ಸಣ್ಣ ನೋಟ್‌ಬುಕ್ ಇಡಿ. ಪ್ರತಿದಿನ ಎಷ್ಟು ಕಿಲೋಮೀಟರ್, ಅದರಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದ್ದೆಷ್ಟು, ಒಂದೇ ವೇಗದಲ್ಲಿ ಓಡಿದ್ದೆಷ್ಟು ಎಂದು ಬರೆಯಿರಿ. ವರ್ಷಕ್ಕೆರಡು ಸಲ ಊರಿಗೆ ಹೋಗುವ ಪ್ರಯಾಣ ನಮ್ಮ ನೆನಪಿನಲ್ಲಿ ದೊಡ್ಡದಾಗಿ ಕೂತಿರುತ್ತದೆ. ಲೆಕ್ಕಕ್ಕೆ ಬರುವುದು ಮಾತ್ರ ಉಳಿದ ಮುನ್ನೂರು ದಿನಗಳ ಓಡಾಟ.

2. ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿ

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ ಸುಮಾರು ₹91ಕ್ಕೆ ಬಂತು, ಪೆಟ್ರೋಲ್ ಸುಮಾರು ₹103 ಇತ್ತು. ಹಿಂದೆ ಈ ಎರಡರ ನಡುವೆ ದೊಡ್ಡ ಅಂತರವಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಬಿಡುಗಡೆಯಾದ ಮೇಲೆ ಆ ಕಾಲ ಮುಗಿಯಿತು. ನಮ್ಮ ತಂದೆಯವರ ಕಾಲದ ‘ಡೀಸೆಲ್ ಅಗ್ಗ’ ಎಂಬ ಮಾತನ್ನು ಇಂದಿನ ಬೆಲೆಪಟ್ಟಿ ಅರ್ಧಕ್ಕಷ್ಟೇ ಒಪ್ಪುತ್ತದೆ.

ಒಂದು ಉದಾಹರಣೆ ನೋಡೋಣ. ಊರೊಳಗಿನ ಟ್ರಾಫಿಕ್‌ನಲ್ಲಿ 1.5 ಲೀಟರ್ ಡೀಸೆಲ್ ಗಾಡಿ ಲೀಟರಿಗೆ 14 ಕಿ.ಮೀ. ಕೊಟ್ಟಿತು, ಅದೇ ಗಾತ್ರದ ಹೈಬ್ರಿಡ್ 20 ಕೊಟ್ಟಿತು ಎಂದಿಟ್ಟುಕೊಳ್ಳಿ. ಡೀಸೆಲ್ಲಿಗೆ ಕಿಲೋಮೀಟರಿಗೆ ₹6.50, ಹೈಬ್ರಿಡ್‌ಗೆ ₹5.15. ಹೈಬ್ರಿಡ್‌ನಿಂದ ಉಳಿತಾಯ ₹1.35. ಈಗ ಹೈವೇಗೆ ಬನ್ನಿ. ಅಲ್ಲಿ ಡೀಸೆಲ್ ಗಾಡಿಯೂ 20ಕ್ಕೆ ಏರುತ್ತದೆ, ಹೈಬ್ರಿಡ್ ಇದ್ದಲ್ಲೇ ಇರುತ್ತದೆ. ಡೀಸೆಲ್ಲಿಗೆ ₹4.55, ಹೈಬ್ರಿಡ್‌ಗೆ ಅದೇ ₹5.15. ಊರಲ್ಲಿ ಗೆದ್ದದ್ದು ಹೈವೇಯಲ್ಲಿ ಸೋತಿತು.

ಹೀಗಾಗಲು ಕಾರಣವಿದೆ. ಹೈಬ್ರಿಡ್ಡಿನ ಸಂಪಾದನೆ ಇರುವುದೇ ಬ್ರೇಕಿನಲ್ಲಿ. ಸಾಮಾನ್ಯ ಕಾರು ನಿಲ್ಲುವಾಗ ಶಾಖವಾಗಿ ಪೋಲಾಗುವ ಶಕ್ತಿಯನ್ನು ಅದರ ಮೋಟಾರು ಹಿಡಿದು ಬ್ಯಾಟರಿಗೆ ತುಂಬುತ್ತದೆ. ಬ್ರೇಕ್ ಹೆಚ್ಚು ಬೀಳುವ ಸಿಲ್ಕ್ ಬೋರ್ಡಿನಂಥ ಜಾಗ ಅದಕ್ಕೆ ಹೇಳಿಮಾಡಿಸಿದ್ದು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬ್ರೇಕೇ ಒತ್ತದೆ ಹೋಗುವಾಗ ಹಿಡಿಯಲು ಅದಕ್ಕೆ ಏನೂ ಸಿಗುವುದಿಲ್ಲ. ಎಂಜಿನ್ ಹೆಚ್ಚುಕಡಿಮೆ ಬಿಡುವಿಲ್ಲದೆ ಓಡುತ್ತದೆ.

ಈ ಉಳಿತಾಯವನ್ನು ಗಾಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಹೈಬ್ರಿಡ್‌ಗೆ ₹2 ಲಕ್ಷ ಹೆಚ್ಚು ಕೊಟ್ಟಿದ್ದರೆ, ₹1.35ರಂತೆ ಆ ಹಣ ವಾಪಸು ಬರಲು ಸುಮಾರು 1,48,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 2,500 ಕಿ.ಮೀ. ಊರೊಳಗೇ ಓಡುವವರಿಗೆ ಐದು ವರ್ಷ ಸಾಕು. 1,000 ಕಿ.ಮೀ. ಓಡುವವರು ಹನ್ನೆರಡು ವರ್ಷ ಕಾಯಬೇಕು.

3. ‘ಹೈಬ್ರಿಡ್’ ಎಂಬ ಬ್ಯಾಡ್ಜ್ ನೋಡಿ ಸಹಿ ಹಾಕಬೇಡಿ

ಮೈಲ್ಡ್ ಹೈಬ್ರಿಡ್ ಬೇರೆ, ಸ್ಟ್ರಾಂಗ್ ಹೈಬ್ರಿಡ್ ಬೇರೆ. ಮೈಲ್ಡ್‌ನಲ್ಲಿ ಪುಟ್ಟ ಮೋಟಾರು ಎಂಜಿನ್‌ಗೆ ಕೈಜೋಡಿಸುತ್ತದೆ, ಅಷ್ಟೇ. ಅದೊಂದೇ ಗಾಡಿಯನ್ನು ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್ ಎಂಜಿನ್ ಆಫ್ ಮಾಡಿಕೊಂಡೇ ಒಂದಷ್ಟು ದೂರ ಓಡಬಲ್ಲದು. ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್ ಎರಡರಲ್ಲೂ ಈ ಎರಡೂ ಬಗೆ ಇವೆ. ಲೀಟರಿಗೆ 27.97 ಕಿ.ಮೀ. ಎಂಬ ಎಆರ್‌ಎಐ ಪ್ರಮಾಣಪತ್ರದ ಅಂಕಿ ಸ್ಟ್ರಾಂಗ್ ಹೈಬ್ರಿಡ್‌ನದು. ಜಾಹೀರಾತಿನಲ್ಲಿ ಆ ಅಂಕಿ ನೋಡಿ ಹೋಗಿ ಮೈಲ್ಡ್ ಗಾಡಿ ಬುಕ್ ಮಾಡಿ ಬಂದವರನ್ನು ಕಂಡಿದ್ದೇನೆ. ಇನ್ನೋವಾ ಹೈಕ್ರಾಸ್ ಎಂಬ ಹೆಸರಿನಲ್ಲಿ ಬರೀ ಪೆಟ್ರೋಲ್ ಗಾಡಿಯೂ ಬರುತ್ತದೆ. ಯಾವ ವೇರಿಯಂಟ್ ಎಂದು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

4. ಡೀಸೆಲ್ ಕೊಳ್ಳುವುದಾದರೆ ಡಿಪಿಎಫ್ ಏನೆಂದು ತಿಳಿದೇ ಕೊಳ್ಳಿ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಆಗಲೇ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಸ್ವಿಫ್ಟ್‌ನಿಂದ ಹಿಡಿದು ಎಷ್ಟೋ ಕಂಪನಿಗಳ ಕಾರುಗಳೊಳಗೆ ಗುಡುಗುತ್ತಿದ್ದ ಫಿಯಟ್‌ನ 1.3 ಲೀಟರ್ ಎಂಜಿನ್ ಹೊಸ ಮಾರುತಿ ಕಾರುಗಳಿಂದ ಮರೆಯಾಯಿತು. ಉಳಿದುಕೊಂಡ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುಕ ಬಂದು ಕೂತಿತು. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಅಷ್ಟು ಕಾವೇರಬೇಕಾದರೆ ಗಾಡಿ ಹದಿನೈದಿಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಬೇಕು.

ಭಾವನ ಗಾಡಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸಿನ ಗೇಟು ಬಂದುಬಿಡುತ್ತಿತ್ತು. ಆ ಹಳದಿ ದೀಪ ಡಿಪಿಎಫ್ ತುಂಬಿದೆ ಎಂಬ ಎಚ್ಚರಿಕೆ. ಮಸಿ ಸುಡಲು ಶುರುವಾದಾಗ ಗಾಡಿ ಸೂಚನೆ ಕೊಡುತ್ತದೆ: ನಿಂತಲ್ಲೇ ಆರ್‌ಪಿಎಂ ತುಸು ಏರುತ್ತದೆ, ರೇಡಿಯೇಟರ್ ಫ್ಯಾನು ಜೋರಾಗಿ ತಿರುಗುತ್ತದೆ, ಮೈಲೇಜ್ ಮೀಟರು ಕುಸಿಯುತ್ತದೆ, ಕಾದ ಲೋಹದ ವಾಸನೆ ಬರುತ್ತದೆ. ಅದನ್ನು ಕಂಡೇ ಅವರು ‘ಏನೋ ಕೆಟ್ಟಿದೆ’ ಎಂದು ಕೀ ತಿರುಗಿಸಿ ಆಫ್ ಮಾಡುತ್ತಿದ್ದರು. ಹಾಗೆ ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲಿಸಿದರೆ, ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದೆವು. ಆಯಿಲ್ ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು. ಕಡಿಮೆಯಾಗಬೇಕಾದ ಆಯಿಲ್ ಹೆಚ್ಚಾದರೆ ಖುಷಿಪಡುವಂತಿಲ್ಲ, ತೆಳುವಾದ ಆ ಆಯಿಲ್ ಎಂಜಿನ್ನನ್ನು ಕಾಯುವುದಿಲ್ಲ.

ಮೊದಲು ಆಯಿಲ್ ಬದಲಾಯಿಸಿದೆವು. ಆ ಭಾನುವಾರ ಬೆಳಗ್ಗೆ ಐದೂವರೆಗೆ ಇಬ್ಬರೂ ತುಮಕೂರು ರಸ್ತೆಗೆ ಹೊರಟೆವು. ನೆಲಮಂಗಲ ದಾಟಿದ ಮೇಲೆ ನಾಲ್ಕನೇ ಗೇರಿನಲ್ಲೇ ಹಿಡಿದು, ಆರ್‌ಪಿಎಂ ಎರಡು ಸಾವಿರಕ್ಕಿಂತ ಕೆಳಗಿಳಿಯದಂತೆ ಎಪ್ಪತ್ತೆಂಬತ್ತರ ವೇಗದಲ್ಲಿ ಭಾವ ಓಡಿಸಿದರು. ದಾಬಸ್‌ಪೇಟೆ ಹತ್ತಿರ ಬಂದಾಗ ಆ ಹಳದಿ ದೀಪ ಸದ್ದಿಲ್ಲದೆ ಆರಿಹೋಯಿತು. ‘ಇಷ್ಟೇನಾ!’ ಎಂದರು ಭಾವ. ಹೇಗೂ ಬಂದಾಗಿದೆ ಎಂದು ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು.

ದೀಪ ಮಿನುಗತೊಡಗಿದರೆ, ಅಥವಾ ಜೊತೆಗೆ ಎಂಜಿನ್ ಚೆಕ್ ದೀಪವೂ ಬಂದರೆ ಈ ಉಪಾಯ ನಡೆಯದು, ನೇರ ಸರ್ವಿಸ್‌ಗೆ ಒಯ್ಯಿರಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೈವೇ ಓಟ ನಿಮ್ಮ ಬದುಕಿನಲ್ಲಿ ಇಲ್ಲವೆಂದರೆ ಇಂದಿನ ಡೀಸೆಲ್ ಕೊಳ್ಳಬೇಡಿ.

5. ನೀಲಿ ಮುಚ್ಚಳ ಇದೆಯೇ ನೋಡಿ

ಹಲವು ಡೀಸೆಲ್ ಗಾಡಿಗಳಲ್ಲಿ ನೀಲಿ ಮುಚ್ಚಳದ ಇನ್ನೊಂದು ಪುಟ್ಟ ಟ್ಯಾಂಕ್ ಇರುತ್ತದೆ. ಅದಕ್ಕೆ ಡಿಇಎಫ್ ಹಾಕಬೇಕು. ಬಂಕಿನವರು ಆಡ್‌ಬ್ಲೂ ಎಂದೂ ಕರೆಯುವ ಇದು ಶೇಕಡಾ 32.5 ಯೂರಿಯಾ ಬೆರೆತ ಶುದ್ಧ ನೀರು. ಖಾಲಿಯಾದರೆ ಗಾಡಿ ಸ್ಟಾರ್ಟ್ ಆಗದಿರಬಹುದು. ನಲ್ಲಿ ನೀರು ಹಾಕಿದರೆ ದುಬಾರಿ ಭಾಗಗಳೇ ಹಾಳಾಗುತ್ತವೆ. ಡೀಸೆಲ್ ಟ್ಯಾಂಕಿಗೆ ತಪ್ಪಿ ಸುರಿದರಂತೂ ಕೀ ತಿರುಗಿಸಲೇಬೇಡಿ.

6. ಘಾಟಿಯಲ್ಲಿ ಟೆಸ್ಟ್ ಡ್ರೈವ್ ಮಾಡಿ, ಆಗದಿದ್ದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಿ

ಷೋರೂಮಿನ ಸುತ್ತ ಎರಡು ರೌಂಡು ಹೊಡೆದರೆ ಎಲ್ಲ ಗಾಡಿಗಳೂ ಚೆನ್ನ. ಡೀಸೆಲ್ಲಿನ ಶಕ್ತಿ ತಿಳಿಯುವುದು ಏರಿನಲ್ಲಿ. ಕ್ರೆಟಾದ 1.5 ಲೀಟರ್ ಡೀಸೆಲ್ ಎಂಜಿನ್ 1,500 ಆರ್‌ಪಿಎಂನಲ್ಲೇ 250 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು, ಸಂದಿ ಸಿಕ್ಕ ಕೂಡಲೇ ಮುಂದೆ ನುಗ್ಗಬೇಕಾದಾಗ ಆ ಎಳೆತದ ಬೆಲೆ ಗೊತ್ತಾಗುತ್ತದೆ.

ಹೈರೈಡರ್‌ನಂಥ 1.5 ಲೀಟರ್ ಸ್ಟ್ರಾಂಗ್ ಹೈಬ್ರಿಡ್ ಏರಿನ ಮೊದಲ ಭಾಗದಲ್ಲಿ ಮೋಟಾರಿನ ನೆರವಿನಿಂದ ಸಲೀಸಾಗಿ ಹತ್ತುತ್ತದೆ. ಬ್ಯಾಟರಿ ಚಿಕ್ಕದು, ಒಂದು ಯೂನಿಟ್ ಕರೆಂಟೂ ಹಿಡಿಯದು. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಇವೆಲ್ಲ ಇದ್ದು ಏರು ಮುಗಿಯದಿದ್ದರೆ ಅದು ಬರಿದಾಗುತ್ತದೆ. ಆಮೇಲೆ ಮೂರು ಸಿಲಿಂಡರಿನ ಎಂಜಿನ್ ಒಂದೇ ಗೋಳಾಡುತ್ತ ಹತ್ತಬೇಕು. ಗುರಿ ಮುಟ್ಟಿಸುತ್ತದೆ, ಆದರೆ ಸದ್ದು ಕೇಳಿದವರಿಗೆ ನೆಮ್ಮದಿ ಇರದು. ಇಳಿಜಾರಿನಲ್ಲಿ ಇದರ ತಿರುಗುಮುರುಗು: ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬಿ, ಇನ್ನು ಹಿಡಿಯಲು ಜಾಗವಿಲ್ಲದೆ ಎಂಜಿನ್ ತಾನಾಗಿ ಜೋರಾಗಿ ತಿರುಗತೊಡಗುತ್ತದೆ. ಗಾಬರಿ ಬೇಡ, ಅದು ಗಾಡಿಯನ್ನು ತಡೆಹಿಡಿಯುತ್ತಿರುವ ಸದ್ದು. ಗೇರಿನಲ್ಲಿ ‘ಬಿ’ ಇರುವುದು ಇಳಿಜಾರಿಗೇ, ಬಳಸಿ.

ಕಾಫಿ ತೋಟದ ಕೆಸರು ದಾರಿ ನಿಮ್ಮದಾದರೆ ಇನ್ನೊಂದು ಮಾತು. ಡೀಸೆಲ್ ಇನ್ನೋವಾ ಕ್ರಿಸ್ಟಾದಲ್ಲಿ ಹಿಂದಿನ ಚಕ್ರಗಳು ಗಾಡಿಯನ್ನು ದೂಡುತ್ತವೆ, ಹೈಬ್ರಿಡ್ ಹೈಕ್ರಾಸ್‌ನಲ್ಲಿ ಮುಂದಿನವು ಎಳೆಯುತ್ತವೆ. ಹಿಂದೆ ಭಾರ ತುಂಬಿಕೊಂಡು ಕೆಸರಿನ ಏರು ಹತ್ತುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

7. ಹೈಬ್ರಿಡ್ ಕೊಂಡರೆ ಕಾಲಿಗೆ ಹೊಸ ಅಭ್ಯಾಸ ಕಲಿಸಿ

ಗಕ್ಕನೆ ಬ್ರೇಕ್ ಹಾಕಿದರೆ ಬ್ರೇಕ್ ಪ್ಯಾಡುಗಳು ಶಕ್ತಿಯನ್ನು ನುಂಗುತ್ತವೆ. ದೂರದಿಂದಲೇ ಕೆಂಪು ಸಿಗ್ನಲ್ ಕಂಡು ಮೆಲ್ಲಗೆ ಒತ್ತುತ್ತ ಬಂದರೆ ಅದು ಬ್ಯಾಟರಿಗೆ ಹೋಗುತ್ತದೆ. ಹೊರಡುವಾಗ ತುಸು ಜೋರಾಗಿ ವೇಗ ಹಿಡಿದು, ಆಮೇಲೆ ಆಕ್ಸಿಲರೇಟರ್ ಸಡಿಲಿಸಿ. ಡ್ಯಾಶ್‌ಬೋರ್ಡಿನಲ್ಲಿ ‘ಇವಿ’ ದೀಪ ಹತ್ತುತ್ತದೆ, ಎಂಜಿನ್ ಮೌನವಾಗುತ್ತದೆ, ಎಸಿ ನಡೆದೇ ಇರುತ್ತದೆ. ಮಗುವನ್ನು ಮಲಗಿಸಿಕೊಂಡು ಸಂಜೆ ಏಳರ ಟ್ರಾಫಿಕ್‌ನಲ್ಲಿ ಕೂತ ತಾಯಿಗೆ ಆ ಮೌನ ಎಷ್ಟು ದೊಡ್ಡದೆಂದು ಮೈಲೇಜಿನ ಅಂಕಿ ಹೇಳಲಾರದು.

8. ಬ್ಯಾಟರಿಗೆ ಹೆದರಬೇಡಿ, ಮರೆಯಲೂ ಬೇಡಿ

‘ಬ್ಯಾಟರಿ ಹೋದರೆ ಲಕ್ಷಗಟ್ಟಲೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. ಮೊದಲ ಪ್ರಿಯಸ್ ಜಪಾನಿನಲ್ಲಿ ಬಂದದ್ದು 1997ರಲ್ಲಿ, ಈ ತಂತ್ರ ಹೊಸಬರ ಪ್ರಯೋಗವೇನೂ ಅಲ್ಲ. ನಿಮ್ಮ ಕೆಲಸ ಇಷ್ಟು: ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಎಲ್ಲಿದೆ ಎಂದು ಮೊದಲ ದಿನವೇ ಕೇಳಿ ತಿಳಿದು, ಅದರ ಮೇಲೆ ಬ್ಯಾಗು, ಬಟ್ಟೆ ಹೇರದಿರಿ. ಸರ್ವಿಸ್‌ನಲ್ಲಿ ಅಲ್ಲಿನ ಧೂಳು ತೆಗೆಸಿ. ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟಿನದೂ ಒಂದಿರುತ್ತದೆ, ಅದು ಸತ್ತರೆ ಗಾಡಿ ಎಚ್ಚರಗೊಳ್ಳುವುದೇ ಇಲ್ಲ. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟಲು ಯಾವ ಬೀದಿ ಮೆಕ್ಯಾನಿಕ್ಕಿಗೂ ಬಿಡಬೇಡಿ, ಅವುಗಳಲ್ಲಿರುವುದು ಜೀವ ತೆಗೆಯುವ ಕರೆಂಟು.

ಹೈಬ್ರಿಡ್ ಕೆಟ್ಟರೆ ಊರಲ್ಲಿ ಯಾರು ನೋಡುತ್ತಾರೆ ಎಂದು ಯೋಚಿಸಿಯೇ ಡೀಸೆಲ್ ಕಡೆ ವಾಲುವ ಹಳ್ಳಿಯವರನ್ನು ನಾನು ತಪ್ಪು ಎನ್ನಲಾರೆ. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕಿಗೆ ಡೀಸೆಲ್ ಎಂಜಿನ್ ಗೊತ್ತು.

9. ತೆರಿಗೆಯ ಗೆರೆ ಎಲ್ಲಿದೆ ತಿಳಿಯಿರಿ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,500 ಸಿಸಿ ಮೀರದ ಡೀಸೆಲ್ ಕಾರಿಗೆ ಶೇಕಡಾ 18 ಜಿಎಸ್‌ಟಿ. ನೆಕ್ಸಾನ್, ಸೋನೆಟ್‌ಗಳ ಡೀಸೆಲ್ ಇದರೊಳಗೆ ಬರುತ್ತವೆ. ಹೈರೈಡರ್, ಹೈಕ್ರಾಸ್‌ನಂಥ ಸ್ಟ್ರಾಂಗ್ ಹೈಬ್ರಿಡ್‌ಗಳು ನಾಲ್ಕು ಮೀಟರ್ ಮೀರಿದವು, ಅವಕ್ಕೆ ಶೇಕಡಾ 40. ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತ್ತು. ಹೈಕ್ರಾಸ್, ಹೈರೈಡರ್ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಆದರೂ ಅಂಥದ್ದೊಂದು ರಿಯಾಯಿತಿ ಇಲ್ಲಿ ಸಿಗಲಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಹೋಲಿಸುವಾಗ ಎಕ್ಸ್-ಷೋರೂಮ್ ಬೆಲೆ ಬಿಟ್ಟು ಆನ್-ರೋಡ್ ಬೆಲೆಯನ್ನೇ ಎದುರಿಗಿಡಿ.

10. ಹೊಗೆಯನ್ನೂ ಲೆಕ್ಕಕ್ಕೆ ಸೇರಿಸಿ

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿತು. ಬಿಎಸ್-6 ಡೀಸೆಲ್ ಹಳೆಯದಕ್ಕಿಂತ ಎಷ್ಟೋ ಶುದ್ಧ, ಡಿಪಿಎಫ್ ಸರಿ ಇದ್ದರೆ. ಅದರ ಕಾಟ ತಾಳದೆ ಡಿಪಿಎಫ್ಫನ್ನೇ ಕಿತ್ತು ಹಾಕಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಆ ಮಸಿ ಹೋಗಿ ಸೇರುವುದು ಶಾಲೆಯ ಗೇಟಿನ ಮುಂದೆ ಆಟೋ ಕಾಯುವ ಮಕ್ಕಳ ಎದೆಗೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡುವಾಗಲೂ ಇದೇ ಪರೀಕ್ಷೆ ಮಾಡಿ: ಡಿಪಿಎಫ್ ಅದರ ಜಾಗದಲ್ಲಿದೆಯೇ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಗೆರೆಯೊಳಗಿದೆಯೇ? ಗಾಡಿ ಎಲ್ಲಿ ಓಡಿತ್ತು ಎಂದೂ ಕೇಳಿ. ಊರೊಳಗೆ 30,000 ಕಿ.ಮೀ. ತೆವಳಿದ ಡೀಸೆಲ್‌ಗಿಂತ ಹೈವೇಯಲ್ಲಿ 80,000 ಓಡಿದ್ದನ್ನು ನಾನು ಆರಿಸುತ್ತೇನೆ.

ಭಾವನ ಗಾಡಿ ಈಗ ಅವರ ತಮ್ಮನ ಕೈಗೆ ಹೋಗಿದೆ. ತಮ್ಮನ ಮನೆ ಸಕಲೇಶಪುರ, ವ್ಯಾಪಾರ ಮಂಗಳೂರು, ವಾರಕ್ಕೆ ಮೂರು ಸಲ ಶಿರಾಡಿ ಇಳಿದು ಹತ್ತುತ್ತಾರೆ. ಮೊನ್ನೆ ಫೋನಿನಲ್ಲಿ ವಿಚಾರಿಸಿದೆ. ‘ಹಳದಿ ದೀಪ ಅಂದ್ರಲ್ಲ, ಅದು ಯಾವ ಕಡೆ ಬರುತ್ತೆ ಅಂತಾನೇ ನಂಗೊತ್ತಿಲ್ಲ ಮಾರಾಯ್ರೇ’ ಎಂದರು. ಭಾವ ಮಲ್ಲೇಶ್ವರದಲ್ಲಿ ಹೈಬ್ರಿಡ್ ಓಡಿಸುತ್ತಿದ್ದಾರೆ.